ನಿದ್ದೆಗಾಗಿ ಮೇಜಿನ ಮುಂದೆ ಕೂತ ದಿನಗಳು

ಮಾತುಕತೆ ಸಮಿತಿಗೆ ಬಾ ಎಂದು ಯೂನಿಯನ್‌ನವರು ಕರೆದಾಗ ನಾನು ಆಗಲ್ಲ ಎಂದೆ. ನಾನು ಅಮೆರಿಕದಲ್ಲಿ ಸರಕು ವಿಮಾನ ಹಾರಿಸುವ ಪೈಲಟ್. ರಾತ್ರಿ ಹಾರಾಟ, ಹಗಲು ನಿದ್ದೆ, ಉಳಿದ ಹೊತ್ತು ಮನೆ. ಇದರ ನಡುವೆ ವಕೀಲರ ಜೊತೆ ಕೂತು ಒಪ್ಪಂದದ ಕಲಮು ಓದಲು ಹೊತ್ತು ಎಲ್ಲಿಂದ ತರಲಿ? ಅವರು ಮತ್ತೆ ಕೇಳಲಿಲ್ಲ. ಐದು ವಾರ ಬಿಟ್ಟು ನಾನೇ ಫೋನ್ ಮಾಡಿ ಬರ್ತೀನಿ ಎಂದೆ. ನಡುವೆ ಒಂದು ರಾತ್ರಿ ಕಳೆದಿತ್ತು.

ಆ ರಾತ್ರಿ ಅರ್ಥವಾಗಬೇಕಾದರೆ ಹಬ್ ಅಂದರೇನು ಅಂತ ಹೇಳಬೇಕು. ರಾತ್ರಿಯ ಪಾರ್ಸೆಲ್ ಸಾಗಣೆ ನಡೆಯುವುದೇ ಹಬ್ ಲೆಕ್ಕದಲ್ಲಿ. ಫೆಡೆಕ್ಸ್‌ಗೆ ಮೆಂಫಿಸ್, ಯುಪಿಎಸ್‌ಗೆ ಲೂಯಿವಿಲ್, ಹೀಗೆ ದೊಡ್ಡ ಕಂಪನಿಗಳಿಗೆಲ್ಲ ಒಂದೊಂದು ಮುಖ್ಯ ಠಾಣೆ. ಊರೂರಿನ ವಿಮಾನಗಳು ನಡುರಾತ್ರಿ ಹೊತ್ತಿಗೆ ಅಲ್ಲಿಗೆ ಬಂದಿಳಿಯುತ್ತವೆ. ಡಬ್ಬಿಗಳನ್ನು ಇಳಿಸಿ, ವಿಂಗಡಿಸಿ, ಮತ್ತೆ ತುಂಬುವುದಕ್ಕೆ ಎರಡು ಮೂರು ಗಂಟೆ ಬೇಕು. ಅಷ್ಟು ಹೊತ್ತು ಪೈಲಟ್ ಕಾಯುತ್ತಾನೆ. ಬೆಳಗಿನ ಜಾವ ಮತ್ತೆ ಹಾರುತ್ತಾನೆ. ಇದನ್ನು ನಾವು ಹಬ್ ಟರ್ನ್ ಅನ್ನುತ್ತೇವೆ.

ಅದು ಸತತ ನಾಲ್ಕನೇ ರಾತ್ರಿ. ಹಿಂದಿನ ಹಗಲು ಹೋಟೆಲಿನಲ್ಲಿ ಮೂರು ಗಂಟೆ ನಿದ್ದೆ ಬಂದಿದ್ದರೆ ಹೆಚ್ಚು. ಹನ್ನೊಂದಕ್ಕೆ ಕಾರಿಡಾರಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಶುರುವಾಗಿತ್ತು. ಹಬ್‌ಗೆ ಇಳಿಯುವಾಗ ಕ್ಯಾಪ್ಟನ್ ಆಟೋಪೈಲಟ್ ತೆಗೆದು ಕೈಯಲ್ಲೇ ಹಾರಿಸುತ್ತಿದ್ದರು. ರೇಡಿಯೊ ನನ್ನದು. ಏಳು ಸಾವಿರ ಅಡಿಗೆ ಇಳಿಯಿರಿ ಎಂದು ಕಂಟ್ರೋಲರ್ ಹೇಳಿದರು. ನಾನೂ ಏಳು ಸಾವಿರ ಎಂದೇ ಮರಳಿ ಹೇಳಿದೆ. ಕೈ ಮಾತ್ರ ಎತ್ತರ ನಿಗದಿ ಮಾಡುವ ಗುಂಡಿಯನ್ನು ಐದು ಸಾವಿರಕ್ಕೆ ತಿರುಗಿಸಿತ್ತು. ಬಾಯಿ ಒಂದು ಹೇಳುತ್ತಿದೆ, ಬೆರಳು ಇನ್ನೊಂದು ಮಾಡುತ್ತಿದೆ, ನನಗೆ ಎರಡೂ ಸರಿಯಾಗೇ ಕಾಣುತ್ತಿದೆ. ಕ್ಯಾಪ್ಟನ್ ಆ ಅಂಕಿಯತ್ತ ಬೆರಳು ತೋರಿಸಿ "ಏಳು" ಎಂದರು. ಅಷ್ಟೇ. ತಿದ್ದಿದೆ. ಇಳಿದೆವು. ಏನೂ ಆಗಲಿಲ್ಲ.

ಹಬ್‌ನಲ್ಲಿ ಮಲಗುವ ಕೋಣೆಗಳೆಲ್ಲ ತುಂಬಿದ್ದವು. ಹಾಲ್‌ನಲ್ಲಿ ಒಂದು ಒರಗು ಕುರ್ಚಿ ಸಿಕ್ಕಿತು. ತಲೆ ಮೇಲೆ ಟ್ಯೂಬ್‌ಲೈಟು. ಪಕ್ಕದವರ ಅಲಾರಂ ಐದು ನಿಮಿಷಕ್ಕೊಮ್ಮೆ. ಮೂರು ಗಂಟೆಗೆ ಎದ್ದು, ಯಾರು ಯಾವಾಗ ಹಾರಬೇಕು ಅಂತ ಗೊತ್ತುಮಾಡುವ ಶೆಡ್ಯೂಲಿಂಗ್‌ಗೆ ಫೋನ್ ಮಾಡಿ, ಮುಂದಿನ ಲೆಗ್, ಅಂದರೆ ಮುಂದಿನ ಹಾರಾಟ, ಹಾರಿಸುವ ಸ್ಥಿತಿಯಲ್ಲಿ ನಾನಿಲ್ಲ ಎಂದೆ. ಇದಕ್ಕೆ ಫಟೀಗ್ ಕಾಲ್ ಅಂತ ಹೆಸರು. ಬೇರೆ ಪೈಲಟ್ ಬಂದರು, ವಿಮಾನ ತಡವಾಗಿ ಹೊರಟಿತು.

ತಿಂಗಳ ಕೊನೆಗೆ ಸಂಬಳದ ಚೀಟಿ ನೋಡಿದರೆ ಆ ಗಂಟೆಗಳನ್ನು ನನ್ನ ಸಿಕ್ ಲೀವ್‌ನಿಂದ ಕಳೆದಿದ್ದಾರೆ. ಜೊತೆಗೊಂದು ಪತ್ರ. ಡ್ಯೂಟಿಗೆ ಮುಂಚೆ ಸಾಕಷ್ಟು ವಿಶ್ರಾಂತಿ ಯಾಕೆ ಪಡೆಯಲಿಲ್ಲ ಎಂದು ವಿವರಣೆ ಕೊಡಬೇಕಂತೆ. ಮನಸ್ಸಿಗೆ ತಾಗಿದ್ದು ದುಡ್ಡಲ್ಲ. ಮುಂದಿನ ಸಲ ಅಷ್ಟೇ ದಣಿದಿದ್ದಾಗ ಫೋನ್ ಎತ್ತುವ ಮುಂಚೆ ನಾನು ಈ ಪತ್ರ ನೆನೆಸಿಕೊಳ್ಳುತ್ತೇನೆ, ಅಲ್ವಾ? ನನ್ನ ಹಾಗೆ ಇನ್ನೆಷ್ಟು ಜನ ನೆನೆಸಿಕೊಂಡು ಸುಮ್ನೆ ಹಾರುತ್ತಿದ್ದಾರೆ? ಅದನ್ನು ಯೋಚಿಸುತ್ತಲೇ ಯೂನಿಯನ್‌ಗೆ ಫೋನ್ ಮಾಡಿದೆ.

ಸಮಿತಿಯ ಮೊದಲ ವಾರ ಪೂರ್ತಿ ಪಾಠ. ಅಲ್ಲಿವರೆಗೆ ನಾನು ಒಪ್ಪಂದದ ಅವಧಿ ಮುಗಿದರೆ ಒಪ್ಪಂದವೂ ಮುಗಿಯುತ್ತದೆ, ಆಮೇಲೆ ಬೇಕಾದರೆ ಮುಷ್ಕರ ಹೂಡಬಹುದು ಅಂದುಕೊಂಡಿದ್ದೆ. ವಿಮಾನ ಕಂಪನಿಗಳಲ್ಲಿ ಹಾಗಲ್ಲ. ನಮಗೆ ಅನ್ವಯಿಸುವುದು ರೈಲ್ವೆ ಲೇಬರ್ ಆಕ್ಟ್. 1926ರಲ್ಲಿ ರೈಲಿನವರಿಗೆಂದು ಮಾಡಿದ ಕಾನೂನು, 1936ರಲ್ಲಿ ವಿಮಾನದವರನ್ನೂ ಸೇರಿಸಿದರು. ರೈಲು, ವಿಮಾನ ನಿಂತು ದೇಶದ ಓಡಾಟ ಕೆಡಬಾರದು ಅನ್ನುವುದು ಅದರ ಉದ್ದೇಶ. ಹಾಗಾಗಿ ನಮ್ಮ ಒಪ್ಪಂದ ಎಂದೂ ಸಾಯುವುದಿಲ್ಲ. ಒಂದು ದಿನಾಂಕ ಬಂದಾಗ ಅದು 'ತಿದ್ದಬಹುದಾದ' ಒಪ್ಪಂದವಾಗುತ್ತದೆ. ಬದಲಾವಣೆ ಬೇಕಾದವರು ಕನಿಷ್ಠ 30 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು. ಕಾನೂನಿನ ಆರನೇ ಕಲಮಿನಲ್ಲಿ ಇರುವುದರಿಂದ ಅದಕ್ಕೆ ಸೆಕ್ಷನ್ ಸಿಕ್ಸ್ ನೋಟಿಸ್ ಅನ್ನುತ್ತಾರೆ. ಆಮೇಲೆ ಮಾತುಕತೆ. ಹೊಸದು ಆಗುವವರೆಗೆ ಹಳೆಯದೇ ನಡೆಯುತ್ತದೆ. ಹಳೆಯ ಸಂಬಳ, ಹಳೆಯ ನಿಯಮ.

ಇದರ ಅರ್ಥ ನನಗೆ ನಿಧಾನಕ್ಕೆ ಇಳಿಯಿತು. ತಡವಾದಷ್ಟೂ ಕಂಪನಿ ಹಳೆಯ ದರದಲ್ಲೇ ಸಂಬಳ ಕೊಡುತ್ತಿರುತ್ತದೆ. ಹಿಂದಿನ ತಿಂಗಳುಗಳ ಬಾಕಿ ಕೊಡಬೇಕು ಅಂತ ಕಾನೂನು ಹೇಳುವುದಿಲ್ಲ. ಅದನ್ನೂ ಮೇಜಿನ ಮೇಲೆ ಕೇಳಿಯೇ ಪಡೆಯಬೇಕು. ಕಾಯುವುದು ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಎದುರಿನವರು ಯಾಕೆ ಯಾವತ್ತೂ ಆತುರ ಪಡುವುದಿಲ್ಲ ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಮೊದಲ ಸಭೆ ಒಂದು ಹೋಟೆಲಿನ ಕಿಟಕಿ ಇಲ್ಲದ ಹಾಲ್‌ನಲ್ಲಿ. ಉದ್ದನೆಯ ಮೇಜು. ಆ ಕಡೆ ಕಂಪನಿಯ ಕಾರ್ಮಿಕ ವಕೀಲೆ, ಹಾರಾಟ ವಿಭಾಗದ ಮುಖ್ಯಸ್ಥರು, ಶೆಡ್ಯೂಲಿಂಗ್‌ನವರೊಬ್ಬರು, ಲ್ಯಾಪ್‌ಟಾಪ್ ಬಿಟ್ಟು ಕಣ್ಣೆತ್ತದ ಹಣಕಾಸಿನವರೊಬ್ಬರು. ಈ ಕಡೆ ನಾವು ನಾಲ್ಕು ಪೈಲಟ್‌ಗಳು, ಯೂನಿಯನ್ ವಕೀಲರು, ಲೆಕ್ಕ ಹಾಕುವ ಒಬ್ಬರು. ಮೇಜಿನ ಮುಂದೆ ಒಬ್ಬರೇ ಮಾತಾಡಬೇಕು, ಉಳಿದವರು ಬರೆದುಕೊಳ್ಳಬೇಕು, ಮುಖದ ಮೇಲೆ ಏನೂ ತೋರಿಸಬಾರದು ಅಂತ ನಮ್ಮ ಅಧ್ಯಕ್ಷರು ಮೊದಲೇ ಹೇಳಿದ್ದರು. ಏನಾದರೂ ಚರ್ಚೆ ಬೇಕಿದ್ದರೆ ಎದ್ದು ಪಕ್ಕದ ಕೋಣೆಗೆ ಹೋಗಬೇಕು. ನನಗೆ ಇದು ಕಷ್ಟವಾಗಲಿಲ್ಲ. ಕಾಕ್‌ಪಿಟ್‌ನಲ್ಲೂ ಹೀಗೇ, ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ಗಮನಿಸುತ್ತಾರೆ.

ನಮ್ಮ ಒಪ್ಪಂದದಲ್ಲಿ ಸುಮಾರು ಮೂವತ್ತು ಅಧ್ಯಾಯಗಳಿವೆ. ಸಮವಸ್ತ್ರ, ತರಬೇತಿ, ಮನೆ ಬದಲಾಯಿಸುವ ಖರ್ಚು, ಇವೆಲ್ಲ ಬೇಗ ಮುಗಿದವು. ಎರಡೂ ಕಡೆಯವರು ಪುಟದ ಮೂಲೆಯಲ್ಲಿ ಸಹಿ ಹಾಕಿ ಪಕ್ಕಕ್ಕಿಡುತ್ತಿದ್ದರು. ಆ ಕಟ್ಟು ದಪ್ಪಗಾಗುವುದನ್ನು ನೋಡಿ ನಾನು ವರ್ಷದೊಳಗೆ ಮುಗಿದೀತು ಅಂದುಕೊಂಡೆ. ಎರಡು ಒಪ್ಪಂದ ಕಂಡ ನಮ್ಮ ವಕೀಲರು ಸುಮ್ಮನಿದ್ದರು.

ಸಿಕ್ಕಿಹಾಕಿಕೊಂಡದ್ದು ಶೆಡ್ಯೂಲಿಂಗ್ ಅಧ್ಯಾಯದಲ್ಲಿ. ಅದರಲ್ಲೂ ನಿದ್ದೆಗೆ ಸಂಬಂಧಪಟ್ಟ ಮೂರು ಕಲಮುಗಳಲ್ಲಿ. ಫಟೀಗ್ ಕಾಲ್ ಮಾಡಿದರೆ ಸಂಬಳ ಕಡಿಯಬಾರದು, ಪತ್ರ ಕಳಿಸಬಾರದು. ಹಬ್‌ನಲ್ಲಿ ಕಾಯುವ ಪ್ರತಿ ಪೈಲಟ್‌ಗೂ ಕತ್ತಲೆಯ, ಸದ್ದಿಲ್ಲದ, ಹಾಸಿಗೆ ಇರುವ ಒಂಟಿ ಕೋಣೆ ಕೊಡಬೇಕು. ಸತತ ರಾತ್ರಿಗಳಿಗೆ ಒಂದು ಮಿತಿ ಇರಬೇಕು.

ಇದನ್ನೆಲ್ಲ ಯೂನಿಯನ್ ಯಾಕೆ ಕೇಳಬೇಕು, ಕಾನೂನಿನಲ್ಲಿ ಇಲ್ವಾ ಎಂದು ಗೆಳೆಯರು ಕೇಳುತ್ತಾರೆ. ಇದೆ, ಪ್ರಯಾಣಿಕರ ವಿಮಾನ ಹಾರಿಸುವವರಿಗೆ. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಜನ ಸತ್ತ ಮೇಲೆ ಅಮೆರಿಕದ ಸಂಸತ್ತು ಪೈಲಟ್‌ಗಳ ದಣಿವಿನ ಬಗ್ಗೆ ಹೊಸ ನಿಯಮ ತರಲು ಹೇಳಿತು. 2014ರ ಜನವರಿ 4ರಿಂದ ಅದು ಜಾರಿಗೆ ಬಂತು. ಪಾರ್ಟ್ 117 ಅಂತ ಅದರ ಹೆಸರು. ಡ್ಯೂಟಿಗೆ ಮುಂಚೆ 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದೆ ಮಲಗಲು ಅವಕಾಶ. ಇಬ್ಬರೇ ಪೈಲಟ್ ಇದ್ದು ನಡುರಾತ್ರಿಯಿಂದ ನಾಲ್ಕರೊಳಗೆ ಡ್ಯೂಟಿ ಶುರುವಾದರೆ ಅದು ಒಟ್ಟು 9 ಗಂಟೆ ಮೀರಬಾರದು. ಸತತ ಮೂರಕ್ಕಿಂತ ಜಾಸ್ತಿ ರಾತ್ರಿ ಹಾರಿಸುವ ಹಾಗಿಲ್ಲ. ಪ್ರತಿ ರಾತ್ರಿಯ ಡ್ಯೂಟಿ ನಡುವೆಯೇ ಕನಿಷ್ಠ ಎರಡು ಗಂಟೆ ತಕ್ಕ ಜಾಗದಲ್ಲಿ ಮಲಗಲು ಬಿಟ್ಟರೆ ಮಾತ್ರ ಐದು ರಾತ್ರಿವರೆಗೆ ಹೋಗಬಹುದು.

ಎಷ್ಟು ಸರಿಯಾದ ನಿಯಮ ನೋಡಿ. ಆದರೆ ಸರಕು ವಿಮಾನಗಳನ್ನು ಅದರಿಂದ ಹೊರಗಿಟ್ಟರು. ಆಗುವ ಖರ್ಚಿಗೆ ಹೋಲಿಸಿದರೆ ಲಾಭ ಸಾಲದು ಅನ್ನುವುದು ವಿಮಾನಯಾನದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಎಫ್‌ಎಎ ಕೊಟ್ಟ ಕಾರಣ. ನಮ್ಮದು ಇನ್ನೂ ಹಳೆಯ ನಿಯಮ. ಇಬ್ಬರೇ ಪೈಲಟ್ ಇದ್ದರೂ 24 ಗಂಟೆಯಲ್ಲಿ 16 ಗಂಟೆವರೆಗೆ ಡ್ಯೂಟಿಯಲ್ಲಿ ಇರಿಸಬಹುದು. ಯುಪಿಎಸ್ ಪೈಲಟ್‌ಗಳ ಸಂಘ ಇದರ ವಿರುದ್ಧ ಕೋರ್ಟಿಗೂ ಹೋಯಿತು. 2016ರಲ್ಲಿ ಸೋತಿತು. ಅದೇ ರನ್‌ವೇ, ಅದೇ ಆಕಾಶ, ಅದೇ ಮನುಷ್ಯನ ಮೈ. ಹಿಂದೆ ಕೂತಿರುವುದು ಜನವೋ ಡಬ್ಬಿಯೋ ಅನ್ನುವುದರ ಮೇಲೆ ನಿದ್ದೆಯ ನಿಯಮ ಬದಲಾಗುತ್ತದೆ. ಇದು ತಪ್ಪು. ಆ ಮೇಜಿನ ಮುಂದೆ ಕೂತಷ್ಟು ದಿನವೂ ಇದು ತಪ್ಪು ಅಂತಲೇ ನನಗೆ ಅನಿಸುತ್ತಿತ್ತು. ನಿದ್ದೆ ಚೌಕಾಸಿಗೆ ಬರಬಾರದ ವಸ್ತು.

2013ರ ಆಗಸ್ಟ್ 14ರಂದು, ಈ ನಿಯಮ ಜಾರಿಗೆ ಬರಲು ಐದು ತಿಂಗಳೂ ಇರಲಿಲ್ಲ, ಯುಪಿಎಸ್‌ನ 1354 ಸಂಖ್ಯೆಯ ಏರ್‌ಬಸ್ ಎ300 ವಿಮಾನ ಬೆಳಗಿನ ಜಾವ ಲೂಯಿವಿಲ್‌ನಿಂದ ಹೊರಟಿತ್ತು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಳಿಯುವಾಗ ರನ್‌ವೇ ಮುಟ್ಟುವ ಮುಂಚೆಯೇ ನೆಲಕ್ಕೆ ಬಡಿಯಿತು. ಐದು ಗಂಟೆಗೆ ಇನ್ನೂ ಹದಿಮೂರು ನಿಮಿಷ ಇತ್ತು. ಇಬ್ಬರು ಪೈಲಟ್‌ಗಳೂ ಸತ್ತರು. ಇಳಿಯುವ ಕ್ರಮ ಸರಿಯಿರಲಿಲ್ಲ, ಎತ್ತರದ ಮೇಲೆ ಗಮನ ಇರಲಿಲ್ಲ ಎಂದು ತನಿಖಾ ಮಂಡಳಿ ಹೇಳಿತು. ದಣಿವೂ ಅದಕ್ಕೆ ಕಾರಣ ಎಂದಿತು. ಬಿಡುವಿನ ಹೊತ್ತನ್ನು ನಿದ್ದೆಗೆ ಸರಿಯಾಗಿ ಬಳಸಲಿಲ್ಲ ಎಂದು ಫಸ್ಟ್ ಆಫೀಸರ್ (ಸಹಪೈಲಟ್) ಬಗ್ಗೆಯೂ ಬರೆಯಿತು. ಆ ಮಾತು ನಮ್ಮ ಎದುರಿನವರು ಮೇಜಿನ ಮೇಲೆ ಒಮ್ಮೆ ಎತ್ತಿದರು. ಅದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಆ ವಿಮಾನದ ವಾಯ್ಸ್ ರೆಕಾರ್ಡರ್‌ನಲ್ಲಿ ಇನ್ನೊಂದು ಸಂಗತಿಯೂ ಇದೆ. ಸರಕು ಪೈಲಟ್‌ಗಳಿಗೆ ಬೇರೆ ವಿಶ್ರಾಂತಿ ನಿಯಮ ಯಾಕೆ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ದಣಿವಿನ ಬಗ್ಗೆಯೂ ಮಾತಾಡಿಕೊಂಡಿದ್ದರು. ನಾನು ಆ ಪ್ರತಿಲಿಪಿಯನ್ನು ಪೂರ್ತಿ ಓದಿದ್ದು ಒಂದೇ ಸಲ.

ಈಗ ಆ ಕೋಣೆಯ ಕಲಮಿಗೆ ಬರುತ್ತೇನೆ. ನಮ್ಮ ಕರಡಿನಲ್ಲಿ ಇದ್ದದ್ದು: ಹಬ್‌ನಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಯುವ ಪೈಲಟ್‌ಗೆ ಕಂಪನಿ ಮಲಗುವ ಕೋಣೆ 'ಒದಗಿಸತಕ್ಕದ್ದು'. ಅವರ ಉತ್ತರ ಮೂರು ವಾರ ಬಿಟ್ಟು ಬಂತು. ಪೂರ್ತಿ ವಾಕ್ಯ ಹಾಗೇ ಇತ್ತು. ಕೊನೆಯ ಪದಕ್ಕೆ ಕೆಂಪು ಗೆರೆ ಎಳೆದು, 'ಒದಗಿಸಲು ಸಾಧ್ಯವಾದಷ್ಟು ಪ್ರಯತ್ನಿಸುವುದು' ಎಂದು ಬರೆದಿದ್ದರು. ಕರಾರಿನ ಭಾಷೆಯಲ್ಲಿ 'ಶಲ್' ಹೋಗಿ 'ರೀಸನಬಲ್ ಎಫರ್ಟ್ಸ್' ಬಂದಿತ್ತು.

ನಮ್ಮ ವಕೀಲರು ಆ ಕಾಗದವನ್ನು ಮೇಜಿನ ನಡುವೆ ಇಟ್ಟು ಒಂದೇ ಪ್ರಶ್ನೆ ಕೇಳಿದರು. "ಇಪ್ಪತ್ತು ಕೋಣೆ ಇದೆ, ಇಪ್ಪತ್ತೊಂದನೇ ಪೈಲಟ್ ಬಂದ. ಏನಾಗುತ್ತೆ?"

ಕಂಪನಿಯ ವಕೀಲೆ ತಡಮಾಡಲಿಲ್ಲ. "ಪ್ರಯತ್ನ ಮಾಡಿದ್ದೇವೆ ಅಂತಾಗುತ್ತೆ."

"ಅವನು ಎಲ್ಲಿ ಮಲಗ್ತಾನೆ?"

ಯಾರೂ ಮಾತಾಡಲಿಲ್ಲ. ಶೆಡ್ಯೂಲಿಂಗ್‌ನವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಅವರೂ ಮುಂಚೆ ರಾತ್ರಿ ಪಾಳಿ ಮಾಡಿದವರು, ನನಗೆ ಗೊತ್ತಿತ್ತು. ಒರಗು ಕುರ್ಚಿ, ಟ್ಯೂಬ್‌ಲೈಟು ನನ್ನ ನಾಲಗೆ ತುದಿಗೆ ಬಂದಿತ್ತು. ಮಾತಾಡುವ ಸರದಿ ನನ್ನದಲ್ಲ. ನಾನು ಬರೆದುಕೊಂಡೆ.

ಆ ಪದದ ಮೇಲೆ ನಾವು ಹನ್ನೊಂದು ತಿಂಗಳು ಕಳೆದೆವು. ಹೊರಗಿನಿಂದ ನೋಡಿದವರಿಗೆ ಕೂದಲು ಸೀಳಿದ ಹಾಗೆ ಕಾಣಬಹುದು. ಆದರೆ ಮುಂದೊಂದು ದಿನ ಕೋಣೆ ಸಿಗದ ಪೈಲಟ್ ಗ್ರೀವೆನ್ಸ್, ಅಂದರೆ ಒಪ್ಪಂದ ಮುರಿದರು ಅಂತ ದೂರು, ಹಾಕಿದರೆ, ನಿರ್ಣಯಕಾರರು ನೋಡುವುದು ಆ ಪದವನ್ನೇ. ನಾವು ಮೇಜಿನ ಮುಂದೆ ಏನು ಆಡಿದೆವು, ಎಷ್ಟು ಪ್ರಾಮಾಣಿಕವಾಗಿದ್ದೆವು ಅದೆಲ್ಲ ಆಮೇಲೆ. ಬಾಯಿಮಾತಿಗೆ ಬೆಲೆ ಇಲ್ಲ.

ಅವರ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಕೋಣೆ ಕಟ್ಟಲು ಜಾಗ ಬೇಕು, ಪಾರ್ಸೆಲ್ ಕಟ್ಟಡದೊಳಗೆ ಅದು ಸುಲಭವಿಲ್ಲ. ಡಿಸೆಂಬರ್‌ನಲ್ಲಿ ವಿಮಾನಗಳು ಜಾಸ್ತಿಯಾಗುತ್ತವೆ, ಆ ಒಂದು ತಿಂಗಳಿಗಾಗಿ ವರ್ಷವಿಡೀ ಖಾಲಿ ಕೋಣೆ ಇಡಬೇಕಾ ಎಂದು ಕೇಳಿದರು. ಫಟೀಗ್ ಕಾಲ್‌ಗೆ ಪ್ರಶ್ನೆಯೇ ಇಲ್ಲ ಅಂದರೆ ಯಾರಾದರೂ ದುರುಪಯೋಗ ಮಾಡಿಯಾರು ಎಂದರು. ಇವಕ್ಕೆಲ್ಲ ಉತ್ತರ ಕೊಡಬಹುದಿತ್ತು, ಕೊಟ್ಟೆವು. ಉತ್ತರವಿಲ್ಲದ್ದು ಹಣಕಾಸಿನವರ ಲೆಕ್ಕಕ್ಕೆ. ಒಟ್ಟು ಮೊತ್ತ ಇಷ್ಟು, ನೀವು ಅದನ್ನು ಸಂಬಳಕ್ಕೆ ಹಾಕಿಕೊಳ್ಳಿ, ಪಿಂಚಣಿಗೆ ಹಾಕಿಕೊಳ್ಳಿ, ಕೋಣೆಗೆ ಹಾಕಿಕೊಳ್ಳಿ, ನಮಗೆ ಎಲ್ಲ ಒಂದೇ ಎಂದರು. ಅಂದರೆ ಒಬ್ಬ ಪೈಲಟ್‌ನ ನಿದ್ದೆಯನ್ನು ಇನ್ನೊಬ್ಬನ ಪಿಂಚಣಿಯಿಂದ ಕೊಳ್ಳಬೇಕು.

ಆ ಮಾತು ನಮ್ಮೊಳಗೇ ಬಿರುಕು ತಂದಿತು. ಪೈಲಟ್‌ಗಳ ಬದುಕು ನಡೆಯುವುದು ಹಿರಿತನದ ಸಂಖ್ಯೆಯ ಮೇಲೆ. ಯಾವ ವಿಮಾನ, ಯಾವ ಮಾರ್ಗ, ಯಾವ ವಾರದ ರಜೆ, ಎಲ್ಲ ಆ ಸಂಖ್ಯೆಯೇ ತೀರ್ಮಾನಿಸುತ್ತದೆ. ಹಿರಿಯರು ಹಗಲಿನ ಮಾರ್ಗ, ದೂರದ ದೇಶಗಳ ಮಾರ್ಗ ಆರಿಸಿಕೊಳ್ಳುತ್ತಾರೆ. ಹಬ್ ಟರ್ನ್‌ಗಳು ಉಳಿಯುವುದು ಕಿರಿಯರ ಪಾಲಿಗೆ. 65ಕ್ಕೆ ನಿವೃತ್ತಿ ಕಡ್ಡಾಯ. 63ರ ಕ್ಯಾಪ್ಟನ್‌ಗೆ ಇದು ಕೊನೆಯ ಒಪ್ಪಂದ. ಅವರಿಗೆ ಪಿಂಚಣಿ ಮುಖ್ಯ ಆಗದೆ ಇನ್ನೇನು ಆದೀತು? ಅಂಥವರೊಬ್ಬರು ನನ್ನನ್ನು ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿ, "ನಾನು ಇಪ್ಪತ್ತು ವರ್ಷ ಆ ಕುರ್ಚಿಯಲ್ಲೇ ಕಳೆದೆ. ಈಗ ನನ್ನ ದುಡ್ಡಲ್ಲಿ ನೀವು ಹಾಸಿಗೆ ತಗೋತೀರಾ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರ ಕಣ್ಣ ಕೆಳಗಿನ ಊತ ನೋಡಿದೆ. ಇಪ್ಪತ್ತು ವರ್ಷದ ರಾತ್ರಿಗಳು ಅಲ್ಲಿ ಕಾಣುತ್ತಿದ್ದವು. ಅವರದು ಸಿಟ್ಟು ಅಂತ ಆಗ ಅನಿಸಿತ್ತು. ಈಗ ಯೋಚಿಸಿದರೆ ಅದು ಸಂಕಟ.

ಎರಡನೇ ವರ್ಷ ಮಧ್ಯಸ್ಥಿಕೆಗೆ ಅರ್ಜಿ ಹಾಕಿದೆವು. ಇಂಥ ಮಾತುಕತೆಗಳಿಗೆಂದೇ ಇರುವ ಸರ್ಕಾರಿ ಸಂಸ್ಥೆ, ನ್ಯಾಷನಲ್ ಮೀಡಿಯೇಶನ್ ಬೋರ್ಡ್, ಒಬ್ಬ ಮಧ್ಯಸ್ಥರನ್ನು ಕಳಿಸಿತು. ಅಲ್ಲಿಂದ ಮೇಜು ಮುರಿದು ಎರಡಾಯಿತು. ನಾವು ಒಂದು ಕೋಣೆಯಲ್ಲಿ, ಅವರು ಇನ್ನೊಂದರಲ್ಲಿ, ಮಧ್ಯಸ್ಥರು ನಡುವಿನ ಓಣಿಯಲ್ಲಿ. ತಿಂಗಳಿಗೆ ಮೂರು ದಿನ ಸಭೆ. ಕೆಲವು ದಿನ ಬೆಳಿಗ್ಗೆ ಒಂಬತ್ತಕ್ಕೆ ಕೂತವರು ಸಂಜೆ ಐದರವರೆಗೆ ಮಧ್ಯಸ್ಥರ ಮುಖವನ್ನೇ ನೋಡುತ್ತಿರಲಿಲ್ಲ. ಕಾಯುವುದೇ ಕೆಲಸ.

ಇದಕ್ಕೆ ಕಾಲಮಿತಿ ಇಲ್ಲ. ಇನ್ನು ಮಾತಾಡಿ ಪ್ರಯೋಜನವಿಲ್ಲ ಎಂದು ಬೋರ್ಡ್‌ಗೆ ಅನಿಸಬೇಕು. ಆಗ ಅದು ನಿರ್ಣಯಕಾರರಿಗೆ ಒಪ್ಪಿಸಿ ಎಂದು ಸೂಚಿಸುತ್ತದೆ. ಯಾರಾದರೂ ಒಬ್ಬರು ಒಲ್ಲೆ ಅಂದರೆ ಬಿಡುಗಡೆ. ಅಲ್ಲಿಂದ 30 ದಿನ ತಣ್ಣಗಾಗುವ ಅವಧಿ. ಅದೂ ಮುಗಿದ ಮೇಲೆ ಮುಷ್ಕರದ ಹಕ್ಕು. ಅಷ್ಟರಲ್ಲಿ ದೇಶದ ಅಧ್ಯಕ್ಷರು ತುರ್ತು ಮಂಡಳಿ ನೇಮಿಸಿದರೆ ಇನ್ನೂ 60 ದಿನ. ಬಿಡುಗಡೆ ಸಿಗುವುದೇ ಅಪರೂಪ. 2010ರಲ್ಲಿ ಸ್ಪಿರಿಟ್ ಏರ್‌ಲೈನ್ಸ್ ಪೈಲಟ್‌ಗಳು ಅಲ್ಲಿವರೆಗೆ ಹೋಗಿ ಐದು ದಿನ ಮುಷ್ಕರ ಮಾಡಿದ್ದರು.

ಅಲ್ಲಿವರೆಗೆ ಕೆಲಸ ನಿಧಾನ ಮಾಡುವ ಹಾಗಿಲ್ಲ, ಎಲ್ಲರೂ ಒಟ್ಟಿಗೆ ರಜೆ ಹಾಕುವ ಹಾಗಿಲ್ಲ. 1999ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಒಟ್ಟೊಟ್ಟಿಗೆ ಸಿಕ್ ಲೀವ್ ಹಾಕಿದ್ದಕ್ಕೆ ಕೋರ್ಟು ಅವರ ಯೂನಿಯನ್‌ಗೆ 4.5 ಕೋಟಿ ಡಾಲರ್‌ಗೂ ಹೆಚ್ಚು ದಂಡ ಹಾಕಿತ್ತು. ನಮ್ಮಲ್ಲೂ ಒಂದು ರಾತ್ರಿ 'ಇವತ್ತು ಎಲ್ಲರೂ ಫಟೀಗ್ ಕಾಲ್ ಮಾಡಿ' ಎಂಬ ಸಂದೇಶ ಫೋನಿಂದ ಫೋನಿಗೆ ಓಡಿತು. ನಾನು ಮಲಗಿದ್ದವನು ಎದ್ದು, ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ಬೇಡ ಎಂದು ಬೇಡಿಕೊಂಡೆ. ದಂಡದ ಭಯ ಒಂದು ಕಡೆ ಇರಲಿ. ಫಟೀಗ್ ಕಾಲ್ ಸುಳ್ಳಿಗೆ ಬಳಸುವ ಆಯುಧ ಅಂತ ಒಮ್ಮೆ ಆಗಿಬಿಟ್ಟರೆ, ನಿಜವಾಗಿ ದಣಿದವನ ಮಾತನ್ನು ಮುಂದೆ ಯಾರು ನಂಬುತ್ತಾರೆ? ಆ ರಾತ್ರಿ ಎಲ್ಲ ವಿಮಾನಗಳೂ ಹಾರಿದವು.

ನಾವು ಮಾಡಬಹುದಾಗಿದ್ದು ಎರಡು. ಬಿಡುವಿನ ದಿನ ಸಮವಸ್ತ್ರ ಹಾಕಿ, ಫಲಕ ಹಿಡಿದು ಕಂಪನಿ ಕಚೇರಿ ಮುಂದೆ ಸಾಲಾಗಿ ನಿಲ್ಲುವುದು. ಮುಷ್ಕರಕ್ಕೆ ಅಧಿಕಾರ ಕೊಡುವ ಮತ ಹಾಕುವುದು. ಮತ ಹಾಕಿದ ಮಾತ್ರಕ್ಕೆ ಮುಷ್ಕರವಲ್ಲ, ಕಾನೂನು ಬಿಟ್ಟ ದಿನ ನಾವು ಸಿದ್ಧ ಅಂತ ಮಾತ್ರ. ಹೆಚ್ಚುಕಡಿಮೆ ಎಲ್ಲರೂ ಹೌದು ಅಂದರು. ಫಲಕ ಹಿಡಿದವರ ಸಾಲಿನಲ್ಲಿ ಆ 63ರ ಕ್ಯಾಪ್ಟನ್ ಕೂಡ ಇದ್ದರು. ಬಿಸಿಲಲ್ಲಿ ಟೋಪಿ ತೆಗೆಯದೆ ನಿಂತಿದ್ದರು. ನನ್ನನ್ನು ನೋಡಿ ತಲೆ ಆಡಿಸಿದರು, ಅಷ್ಟೇ.

ಮೊದಲ ತಾತ್ಕಾಲಿಕ ಒಪ್ಪಂದ ಆದದ್ದು ಮೂರನೇ ವರ್ಷದ ಕೊನೆಗೆ. ಸಂಬಳ ಚೆನ್ನಾಗಿ ಏರಿತ್ತು. ಸಹಿ ಹಾಕಿದ್ದಕ್ಕೆ ಒಂದು ದೊಡ್ಡ ಇಡಿಗಂಟು ಇತ್ತು. ಫಟೀಗ್ ಕಾಲ್‌ಗೆ ಸಂಬಳ ಕಡಿಯುವುದಿಲ್ಲ ಎಂದು ಒಪ್ಪಿದ್ದರು. ಕೋಣೆಯ ಕಲಮಿನಲ್ಲಿ 'ಪ್ರಯತ್ನಿಸುವುದು' ಹಾಗೇ ಉಳಿದಿತ್ತು. ಸತತ ರಾತ್ರಿಗಳ ಮಿತಿ ಐದು. ಸಮಿತಿಯಲ್ಲಿ ನಾನೊಬ್ಬನೇ ಬೇಡ ಎಂದೆ. ಉಳಿದ ಮೂವರು, ಇದಕ್ಕಿಂತ ಜಾಸ್ತಿ ಸಿಗಲ್ಲ, ಸದಸ್ಯರು ತೀರ್ಮಾನಿಸಲಿ ಎಂದರು. ಅವರ ಮಾತೂ ಸರಿಯೇ. ಒಪ್ಪಂದ ಸದಸ್ಯರದು.

ಊರೂರು ತಿರುಗಿ ವಿವರಿಸುವ ಸಭೆಗಳು ಶುರುವಾದವು. ಸಮಿತಿ ಒಟ್ಟಾಗಿ ಕಳಿಸಿದ್ದನ್ನು ನಾನು ವೇದಿಕೆ ಮೇಲೆ ನಿಂತು ತೆಗಳುವ ಹಾಗಿರಲಿಲ್ಲ. ಇರುವುದನ್ನು ಇದ್ದ ಹಾಗೆ ಓದಿದೆ. ಒಂದು ಸಭೆಯಲ್ಲಿ ಸೇರಿ ಇನ್ನೂ ಎರಡು ವರ್ಷವಾಗದ ಹುಡುಗಿ, ಫಸ್ಟ್ ಆಫೀಸರ್, ಎದ್ದು ನಿಂತು ಪುಟದ ಸಂಖ್ಯೆ ಹೇಳಿ ಆ ವಾಕ್ಯ ಓದಿದಳು. ಆಮೇಲೆ ಕೇಳಿದಳು, "ಇಪ್ಪತ್ತೊಂದನೆಯವಳು ನಾನೇ. ನಾನೆಲ್ಲಿ ಮಲಗಲಿ?" ಆ ಮುಚ್ಚಿದ ಕೋಣೆಯಲ್ಲಿ ನಡೆದ ಮಾತು ಅವಳಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅವಳ ಹಬ್‌ನಲ್ಲೂ ಇಪ್ಪತ್ತೇ ಕೋಣೆ. ಅವಳು ಎಣಿಸಿದ್ದಳು.

ಮತದಲ್ಲಿ ಒಪ್ಪಂದ ಬಿದ್ದುಹೋಯಿತು. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 2023ರ ಜುಲೈನಲ್ಲಿ ಫೆಡೆಕ್ಸ್ ಪೈಲಟ್‌ಗಳೂ ತಮ್ಮ ಮುಖಂಡರು ತಂದ ತಾತ್ಕಾಲಿಕ ಒಪ್ಪಂದವನ್ನು 57 ಪ್ರತಿಶತ ಮತದಿಂದ ತಳ್ಳಿಹಾಕಿದ್ದರು. ಆದರೂ ನಮ್ಮ ಅಧ್ಯಕ್ಷರಿಗೆ ಅದು ಬಲವಾಗಿ ತಾಗಿತು. ಮೂರು ವರ್ಷ ಮನೆ ಮಠ ಬಿಟ್ಟು ದುಡಿದವರು. ಫಲಿತಾಂಶ ಬಂದ ಸಂಜೆಯೇ ರಾಜೀನಾಮೆ ಕೊಟ್ಟರು. ತಮ್ಮ ನೋಟ್‌ಬುಕ್ಕುಗಳ ಕಟ್ಟನ್ನು ನನ್ನ ಕೈಗಿಟ್ಟು, "ದಿನಾಂಕ ಎಲ್ಲ ಸರಿಯಾಗಿ ಹಾಕಿದ್ದೀನಿ, ಉಪಯೋಗ ಆಗುತ್ತೆ" ಎಂದರು. ನಾನು ಬೇಡ ಅಂದ ಒಪ್ಪಂದವೇ ಬಿದ್ದಿತ್ತು, ನಿಜ. ಆ ಕಟ್ಟು ಹಿಡಿದು ನಿಂತಾಗ ಖುಷಿ ಅನ್ನುವುದು ಒಂದಿಷ್ಟೂ ಇರಲಿಲ್ಲ.

ಮತ್ತೆ ಮಧ್ಯಸ್ಥರು, ಮತ್ತೆ ಎರಡು ಕೋಣೆ. ಈ ಸಲ ನಾವು ಮೊದಲು ಮಾಡಿದ್ದು ಸದಸ್ಯರ ಸಮೀಕ್ಷೆ. ಯಾಕೆ ಬೇಡ ಎಂದಿರಿ, ಒಂದೇ ಕಾರಣ ಆರಿಸಿ ಅಂದೆವು. ಶೆಡ್ಯೂಲಿಂಗ್ ಎಲ್ಲಕ್ಕಿಂತ ಮುಂದೆ ಬಂತು, ಸಂಬಳ ಅದರ ಹಿಂದೆ. ಆ ಹಾಳೆಯನ್ನು ಓಣಿಯಾಚೆ ಕಳಿಸಿದೆವು. ಒಟ್ಟು ಮೊತ್ತ ಎಲ್ಲಿಗೆ ಹೋದರೂ ತಮಗೆ ಒಂದೇ ಎಂದವರು ಅವರೇ ತಾನೆ? ಇಡಿಗಂಟಿನಲ್ಲಿ ಒಂದು ಭಾಗ ಬಿಡುತ್ತೇವೆ, ಆ ದುಡ್ಡಲ್ಲಿ ಕೋಣೆ ಕಟ್ಟಿ ಎಂದೆವು. ಅದನ್ನು ಬರೆಯುವಾಗ ನನ್ನ ಕೈಗೆ ಕಷ್ಟವಾಯಿತು. ಕಾನೂನು ಕೊಡಬೇಕಾದ್ದನ್ನು ನಾವು ದುಡ್ಡು ಕೊಟ್ಟು ಕೊಳ್ಳುತ್ತಿದ್ದೆವು. ಆದರೆ ಇಪ್ಪತ್ತೊಂದನೆಯವಳಿಗೆ ಬೇಕಾಗಿದ್ದು ಹಾಸಿಗೆ.

ಕೊನೆಯ ದಿನ ರಾತ್ರಿ ಒಂದೂವರೆಗೆ ಮಧ್ಯಸ್ಥರು ಕಾಗದ ಹಿಡಿದು ಬಂದರು. 'ಒದಗಿಸತಕ್ಕದ್ದು' ಎಂದಿತ್ತು. ಮುಂದೆ ಒಂದು ಸಾಲು ಸೇರಿತ್ತು: ಕೋಣೆ ಸಿಗದಿದ್ದರೆ ಆ ಪೈಲಟ್ ಮುಂದಿನ ಲೆಗ್ ಹಾರಿಸಬೇಕಾಗಿಲ್ಲ, ಸಂಬಳ ಪೂರ್ತಿ. ಕೋಣೆಗಳನ್ನು ಕಟ್ಟಿ ಮುಗಿಸಲು ಎರಡು ವರ್ಷ. ಸತತ ರಾತ್ರಿಗಳ ಮಿತಿ ನಾಲ್ಕು. ನಾವು ಕೇಳಿದ್ದು ಮೂರು. ಫಟೀಗ್ ಕಾಲ್‌ಗಳನ್ನು ಎರಡೂ ಕಡೆಯವರಿರುವ ಜಂಟಿ ಸಮಿತಿ ನೋಡುತ್ತದೆ, ಶಿಸ್ತಿನ ವಿಭಾಗದವರಲ್ಲ. ಹಿಂದಿನ ಬಾಕಿ ಪೂರ್ತಿ ಬರಲಿಲ್ಲ. ಮೂರು ರಾತ್ರಿಯ ಮಿತಿ ಸಿಗದ್ದು ನನಗೆ ಇವತ್ತಿಗೂ ನೋವು. ಪ್ರಯಾಣಿಕರ ಪೈಲಟ್‌ಗೆ ಕಾನೂನಿನ ಪುಟದಲ್ಲಿ ಇರುವ ಅಂಕಿ ಅದು.

ಸದಸ್ಯರು ಒಪ್ಪಿದರು. ಆ ಕ್ಯಾಪ್ಟನ್ ನಿವೃತ್ತಿಗೆ ಮುಂಚೆ ಹಾಕಿದ ಕೊನೆಯ ಮತ ಅದು. ಯಾವ ಕಡೆಗೆ ಹಾಕಿದರೆಂದು ನಾನು ಕೇಳಲಿಲ್ಲ.

ಹೋದ ತಿಂಗಳು ಹೊಸ ಕೋಣೆಗಳಲ್ಲಿ ಮೊದಲ ಸಲ ಮಲಗಿದೆ. ಹದಿನಾಲ್ಕನೇ ಕೋಣೆ. ಒಂದು ಮಂಚ, ಒಂದು ಕಪ್ಪು ಪರದೆ, ಗೋಡೆಯಲ್ಲಿ ಮೆತ್ತನೆಯ ಹಲಗೆ. ಬಾಗಿಲು ಹಾಕಿದರೆ ಬೆಲ್ಟಿನ ಮೇಲೆ ಡಬ್ಬಿ ಓಡುವ ಸದ್ದು ದೂರದ ಮಳೆಯಷ್ಟೇ ಕೇಳುತ್ತದೆ. ಒಂದು ಗಂಟೆ ಐವತ್ತು ನಿಮಿಷ ನಿದ್ದೆ ಬಂತು. ಎದ್ದು, ಹಿಂತಿರುಗುವಾಗ ಕಂಟ್ರೋಲರ್ ಹೇಳಿದ ಎತ್ತರವನ್ನು ಗುಂಡಿಯಲ್ಲಿ ಇಟ್ಟು, ಬೆರಳು ತೋರಿಸಿ ಜೋರಾಗಿ ಓದಿದೆ. ಸರಿಯಾಗಿತ್ತು. ಆ ಕೋಣೆಯ ಬಾಗಿಲ ಚಿಲಕ ಮಾತ್ರ ಸಡಿಲ, ಓಣಿಯಲ್ಲಿ ಯಾರಾದರೂ ನಡೆದರೆ ಟಕ್ ಟಕ್ ಅನ್ನುತ್ತದೆ. ಜಂಟಿ ಸಮಿತಿಗೆ ಬರೆದುಕೊಟ್ಟಿದ್ದೇನೆ. ಮುಂದಿನ ಮಂಗಳವಾರದ ಸಭೆಯಲ್ಲಿ ಅದು ಮೂರನೇ ವಿಷಯ.